ಸಮುದ್ರಕ್ಕೆ ಹಾಕಿದ ಬರೆ

ಜನವರಿ ೮, ಗುರುವಾರ

ನಯ್ಲಾ ಹೊಸ ಕೆಲಸ ಅಂಟಿಸಿದಳು. ಹೊರಗಿನಿಂದ ಬರುವವರಿಗೆ ನಮ್ಮ ದ್ವೀಪವನ್ನು ಪರಿಚಯಿಸುವ ಚಿಕ್ಕ ಪುಸ್ತಕವಂತೆ. ಇಷ್ಟು ವರ್ಷ ಮುಹರ್ರಕ್‌ನ ಗಲ್ಲಿಗಳಲ್ಲಿ ಪ್ರವಾಸಿಗಳನ್ನು ಸುತ್ತಿಸಿದ ನಾನೇ ಬರೆಯಬೇಕಂತೆ, ಅದೂ ರಂಜಾನ್ ಶುರುವಾಗುವುದರೊಳಗೆ. "ಲಘುವಾಗಿರಲಿ ಬದ್ರಿಯಾ, ಜನ ಇಲ್ಲಿಗೆ ಬರೋದು ಖುಷಿಗೆ" ಎಂದಳು. ಕಚೇರಿಯ ಮುಖ್ಯಸ್ಥೆಯಾದ ಮೇಲೆ ಅವಳು ನಕ್ಕಿದ್ದನ್ನೇ ನಾನು ಕಂಡಿಲ್ಲ, ಖುಷಿಯ ಪಾಠ ನನಗೆ.

ಸಂಜೆ ತಮ್ಮ ಸನದ್ ತನ್ನ ಹೆಂಡತಿ ಮೂಝಾಳನ್ನು ಕರೆದುಕೊಂಡು ಮಂಜುಗಡ್ಡೆಯ ಪೆಟ್ಟಿಗೆ ಒಯ್ಯಲು ಬಂದಿದ್ದ. ವಾರವಿಡೀ ವಿಮಾನ ನಿಲ್ದಾಣದಲ್ಲಿ ಕೆಲಸ, ಶುಕ್ರವಾರ ಬಂತೆಂದರೆ ದೋಣಿ. ಬರೆದಷ್ಟನ್ನು ಅವನಿಗೆ ಓದಿದೆ: "ಬಹ್ರೇನ್ ಎಂದರೆ ಎರಡು ಸಮುದ್ರ. ಒಂದು ಕಣ್ಣಿಗೆ ಕಾಣುವ ಉಪ್ಪಿನದು. ಇನ್ನೊಂದು ಅದರ ತಳದಿಂದ ಒರತೆಯಾಗಿ ಉಕ್ಕುವ ಸಿಹಿನೀರಿನದು."

"ಎರಡನೇದು ಬತ್ತಿ ಎಷ್ಟು ಕಾಲ ಆಯ್ತು, ಅದನ್ನೂ ಬರಿ" ಎಂದ ಸನದ್, ಕಲ್ಲಂಗಡಿ ಬೀಜ ಸುಲಿಯುತ್ತ.

"ಬಂದವರಿಗೆ ಬತ್ತಿದ ಸುದ್ದಿ ಯಾಕೋ?"

"ಹಾಗಾದ್ರೆ ಇದು ಪುಸ್ತಕ ಅಲ್ಲಕ್ಕಾ, ಗಂಡಿನ ಕಡೆಯವರಿಗೆ ಕಳಿಸೋ ಫೋಟೋ."

ಅಮ್ಮ ಒಳಗಿನಿಂದ ಬಂದು ಉತ್ತರದ ಗಾಳಿ ಎದ್ದಿದೆ, ನಾಳೆ ಬೇಡ ಎಂದಳು. "ಯುಮ್ಮಾ, ನಿನ್ನ ಮಂಡಿನೋವು ಹೇಳಿದ್ದೆಲ್ಲ ನಿಜ ಆಗಿದ್ರೆ ನಾವು ಯಾವತ್ತೋ ಮುಳುಗಿ ಹೋಗಿರಬೇಕಿತ್ತು" ಎಂದು ಅವಳ ಹಣೆಗೆ ಮುತ್ತಿಟ್ಟ. ಮೀನಿಗೆಂದು ನೀರಲ್ಲಿ ಬಿಟ್ಟ ತಂತಿಯ ಗೂಡುಗಳನ್ನು ಎತ್ತಿ ಮಧ್ಯಾಹ್ನದೊಳಗೆ ಬಂದುಬಿಡುತ್ತಾನಂತೆ. ಮೀನು ಸಿಕ್ಕರೆ ಅರ್ಧ ನಮಗೆ.

ಜನವರಿ ೧೦, ಶನಿವಾರ

ಸನದ್ ಬಂದಿಲ್ಲ. ದೋಣಿ ಮಾತ್ರ ಸಿಕ್ಕಿದೆ.

ಜನವರಿ ೧೫, ಗುರುವಾರ

ಹುಡುಕುವುದನ್ನು ನಿಲ್ಲಿಸಿದ್ದಾರೆ. ಬಾಯಿಬಿಟ್ಟು ಹಾಗೆಂದಿಲ್ಲ, ಗೌರವದಿಂದ ಸುತ್ತಿಬಳಸಿ ಹೇಳಿದರು. ದೋಣಿ ಮಗುಚಿರಲಿಲ್ಲ, ಅವನು ಎತ್ತಿದ್ದ ಒಂದು ಗೂಡು ಅದರಲ್ಲಿತ್ತು, ಗೂಡಿನೊಳಗೆ ಮೀನೂ ಇತ್ತು. ಆ ಗಾಳಿಗೆ ಕಾಲು ಜಾರಿ ಬಿದ್ದವನನ್ನು ಬಿಟ್ಟು ದೋಣಿ ಮುಂದೆ ತೇಲಿರಬೇಕು ಎಂದರು. ನಾನು ತಲೆಯಾಡಿಸಿದೆ. ಅವನು ಹುಟ್ಟಿದಾಗ ಅಮ್ಮನಿಗೆ ಹುಷಾರಿರಲಿಲ್ಲ, ಅವನನ್ನು ಎತ್ತಿ ಆಡಿಸಿದ್ದು ನಾನು. ಆದರೂ ನಿಜ ನಿಜವೇ.

ಅಮ್ಮನಿಗೆ ಇದನ್ನು ಯಾರು ಹೇಳಬೇಕು? ಇಡೀ ದಿನ ಹಿತ್ತಿಲ ಬಾಗಿಲಲ್ಲಿ ಕುಳಿತಿರುತ್ತಾಳೆ. ನಾನು ಚಿಕ್ಕವಳಿದ್ದಾಗ ಆ ಮೆಟ್ಟಿಲಿಗೆ ನೀರು ಬಂದು ಬಡಿಯುತ್ತಿತ್ತು. ಸಮುದ್ರಕ್ಕೆ ಮಣ್ಣು ತುಂಬಿ ತುಂಬಿ ದೂರ ತಳ್ಳಿದರು, ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ. ಅಮ್ಮ ಕಾರುಗಳನ್ನು ನೋಡುತ್ತ ಕೂರುತ್ತಾಳೆ. ಊಟಕ್ಕೆ ಕುಳಿತಾಗ ಸನದ್‌ಗೂ ಒಂದು ತಟ್ಟೆ ಹಾಕುತ್ತಾಳೆ. ಎಲ್ಲ ಮುಗಿದ ಮೇಲೆ ಅದನ್ನು ಗಲ್ಲಿಯ ಬೆಕ್ಕುಗಳಿಗೆ ಸುರಿಯುವವಳು ನಾನು.

ಮಸೀದಿಯ ಇಮಾಮರು ಬಂದಿದ್ದರು. ಮನೆಯವರು ಒಪ್ಪಿದರೆ ದೇಹವಿಲ್ಲದೆಯೇ ಅವನಿಗೆ ನಮಾಜು ಮಾಡಬಹುದು, ಬಂದವರ ಸಂತಾಪ ಸ್ವೀಕರಿಸುತ್ತ ಮೂರು ದಿನ ಅಝಾ ಕೂರಬಹುದು, ಮೂಝಾ ವಿಧವೆಯ ಇದ್ದತ್‌ನ ತಿಂಗಳುಗಳನ್ನು ಶುರುಮಾಡಬಹುದು, ಕೋರ್ಟಿನ ಕಾಗದಪತ್ರ ಆಮೇಲೆ ಎಂದರು. ಅಮ್ಮ ಒಪ್ಪಬೇಕು. ಅವಳು ಕೇಳಿಸಿಕೊಂಡು ಹಿತ್ತಿಲ ಬಾಗಿಲಿಗೆ ಎದ್ದುಹೋದಳು. ನನಗೆ ಸಿಟ್ಟು ಬಂತು. ಮದುವೆಯಾಗಿ ವರ್ಷ ತುಂಬದ ಹುಡುಗಿ, ಅತ್ತ ಹೆಂಡತಿಯೂ ಅಲ್ಲ, ಇತ್ತ ವಿಧವೆಯೂ ಅಲ್ಲ. ನಾಲ್ಕು ಜನ ಬಂದು, ಕಹಿ ಕಾಫಿ ಕುಡಿದು, ಕೂಡಿ ಅತ್ತು ಹೋದರೆ ಆ ಹುಡುಗಿಗೆ ಒಂದು ದಾರಿಯಾದರೂ ಆಗುತ್ತದೆ.

ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಅಮ್ಮ ತಟ್ಟನೆ ತಲೆ ಎತ್ತಿದಳು. ಸನದ್ ಒಳಗೆ ಬರುವ ಮುಂಚೆ ಚಪ್ಪಲಿಯನ್ನು ಮೆಟ್ಟಿಲಿಗೆ ಬಡಿದು ಮರಳು ಕೊಡವುತ್ತಿದ್ದ, ಹಾಗೇ ಕೇಳಿಸಿತಂತೆ. ಯಾರೋ ಕಾರಿನ ಬಾಗಿಲು ಹಾಕಿದ್ದು ಎಂದೆ.

ಜನವರಿ ೨೦, ಮಂಗಳವಾರ

ಕೆಲಸಕ್ಕೆ ಹೋದೆ. ಮುತ್ತಿನ ವ್ಯಾಪಾರಿಗಳ ಹಳೇ ಮನೆಗಳನ್ನು ತೋರಿಸುತ್ತಿದ್ದಾಗ ಒಬ್ಬಾಕೆ ಕೇಳಿದಳು, ಮುತ್ತು ತೆಗೆಯಲು ಹೋದ ಗಂಡಸರು ತಿಂಗಳುಗಟ್ಟಲೆ ಬಾರದಿದ್ದಾಗ ಹೆಂಗಸರು ಏನು ಮಾಡುತ್ತಿದ್ದರು ಎಂದು. ಯಾವಾಗಲೂ ಹೇಳುವುದನ್ನೇ ಹೇಳಿದೆ. ದಡಕ್ಕೆ ಹೋಗಿ, ಖರ್ಜೂರದ ಗರಿಯ ದಿಂಡಿಗೆ ಬೆಂಕಿ ಹಚ್ಚಿ, ಉರಿಯುತ್ತಿರುವಾಗಲೇ ನೀರಿಗೆ ಒತ್ತುತ್ತಿದ್ದರು, ಹಟಮಾರಿ ಮಗುವಿಗೆ ಬರೆ ಹಾಕುವ ಹಾಗೆ. ನೋವಿಗೆ ಹೆದರಿ ಸಮುದ್ರ ಗಂಡಸರನ್ನು ವಾಪಸು ಕೊಡಲಿ ಎಂದು. ಜನ ನಕ್ಕರು. ಅಲ್ಲಿ ನಗಲೆಂದೇ ನಾನು ಒಂದು ಕ್ಷಣ ನಿಲ್ಲಿಸುತ್ತೇನೆ. ಇವತ್ತು ಅವರ ನಗು ಕೇಳಲಾಗದೆ ಮುಂದಿನ ಗಲ್ಲಿಗೆ ನಡೆದುಬಿಟ್ಟೆ.

ಮನೆಗೆ ಬಂದರೆ, ದೋಣಿ ಸಿಕ್ಕಿದಂದಿನಿಂದ ನಮ್ಮಲ್ಲೇ ಇರುವ ಮೂಝಾ ಅದನ್ನೇ ಹಿಡಿದು ಕೂತಿದ್ದಾಳೆ. ಯಾವ ಅಜ್ಜಿ ಹೇಳಿದರೋ. "ಅತ್ತೆ, ಸಮುದ್ರಕ್ಕೆ ನಾವೂ ಬರೆ ಹಾಕೋಣ. ಹಿಂದಿನವರು ಸುಮ್ಸುಮ್ನೆ ಮಾಡ್ತಿದ್ರಾ? ಬೆಕ್ಕನ್ನೂ ಮುಳುಗಿಸಿ ತೆಗೀತಿದ್ರಂತೆ."

"ನಮ್ಮ ಗಲ್ಲಿ ಬೆಕ್ಕುಗಳು ಕೊಬ್ಬಿರೋದು ನೋಡಿದ್ದೀಯಾ? ಅವೇ ನಮ್ಮನ್ನ ಮುಳುಗಿಸ್ತವೆ" ಎಂದೆ.

"ನಿಮಗೆ ಎಲ್ಲ ತಮಾಷೆ ಅಕ್ಕ. ನಿಮ್ಮ ಗಂಡ ಅಲ್ಲವಲ್ಲ" ಎಂದುಬಿಟ್ಟಳು. ಆಮೇಲೆ ನನ್ನ ಕಾಲ ಬಳಿ ಕುಳಿತು ಅತ್ತಳು. ತಲಾಖ್ ಆದವಳಿಗೆ ಆ ಮಾತು ಹೊಸದಲ್ಲ, ಇರಲಿ.

ಅಮ್ಮ ಬಹಳ ಹೊತ್ತು ಅವಳನ್ನೇ ನೋಡುತ್ತಿದ್ದಳು. "ಬೆಕ್ಕು ಬೇಡ, ಅದೇನು ಪಾಪ ಮಾಡಿದೆ. ಬರೆ ಹಾಕೋಣ. ಬದ್ರಿಯಾ, ಶನಿವಾರ ಕಾರು ತೆಗಿ" ಎಂದಳು.

ಜನವರಿ ೨೪, ಶನಿವಾರ

ದ್ವೀಪದ ಮೇಲೆ ಹುಟ್ಟಿ ಬೆಳೆದ ಮೂರು ಹೆಂಗಸರು ಇವತ್ತು ಸಮುದ್ರ ಎಲ್ಲಿದೆ ಎಂದು ಹುಡುಕಿಕೊಂಡು ಹೋದೆವು. ಬೇರೆ ದಿನವಾಗಿದ್ದರೆ ಸನದ್‌ಗೆ ಹೇಳಿ ನಗುತ್ತಿದ್ದೆ.

ಮೊದಲು ಅಮ್ಮ ಹೇಳಿದ ಕಡೆಗೆ ಹೋದೆವು, ಅವಳು ಮದುವೆಯಾಗಿ ಬಂದಾಗ ಬಟ್ಟೆ ಒಗೆಯುತ್ತಿದ್ದ ಜಾಗ. ತಗಡಿನ ಬೇಲಿ, ಒಳಗೆ ಕ್ರೇನು. ಮುಂದಿನದು ಹೋಟೆಲಿನ ದಡ. ಕಾವಲಿನವನು ರೂಮಿನ ನಂಬರು ಕೇಳಿದ. ಹಿಂದಿನ ಸೀಟಿನಲ್ಲಿ ಗರಿಯ ದಿಂಡುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತ ಮುದುಕಿಯನ್ನು ನೋಡಿ, "ತಾಯಿ, ಇಲ್ಲಿ ಮಾಂಸ ಸುಡಂಗಿಲ್ಲ" ಎಂದ. ಮೂರನೆಯ ಕಡೆ ನೀರಿತ್ತು, ಅದರ ತುಂಬ ರಜೆಯ ಸಂಸಾರಗಳಿದ್ದವು. ದೋಣಿಗಳು ಹೊರಡುವ ಕಟ್ಟೆಗೆ, ಸನದ್ ಹೋದ ಕಟ್ಟೆಗೆ, ಹೋಗಬಹುದಿತ್ತು. ಅಲ್ಲಿನ ಬೆಸ್ತರೆಲ್ಲ ನನ್ನ ಗುರುತಿನವರು. ಅವರೆದುರು ಈ ಆಟ ಆಡಲು ನಾಚಿಕೆಯಾಯಿತು.

ಕೊನೆಗೆ ಹೊಸದಾಗಿ ಕಟ್ಟಿದ ದ್ವೀಪದ ಕಡೆಗೆ ತಿರುಗಿಸಿದೆ. ಅಲ್ಲಿ ಕಾರಿಗೆ ನೆರಳೂ ಇತ್ತು, ಜನರೂ ಇರಲಿಲ್ಲ. ಸಾಲು ಮನೆಗಳ ಮುಂದೆ ನೀಲಿ ನೀರು ಕಂಬಳಿ ಹಾಸಿದಂತೆ ಅಲುಗಾಡದೆ ಬಿದ್ದಿತ್ತು. ಅಮ್ಮ ಅಬಾಯ ಎತ್ತಿಕಟ್ಟಿ ಮೊಣಕಾಲಿನವರೆಗೆ ಇಳಿದಳು. ಬೊಗಸೆಯಲ್ಲಿ ನೀರೆತ್ತಿ ಮೂಸಿದಳು, ನಾಲಿಗೆಗೆ ಮುಟ್ಟಿಸಿದಳು, ಹಿಂತಿರುಗಿ ಮೂಝಾಳ ಮುಖ ನೋಡಿದಳು. ಪ್ರಾರ್ಥನೆ ಮಾಡುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಉರಿಯುವ ದಿಂಡನ್ನು ನನ್ನ ಕೈಯಿಂದ ತೆಗೆದುಕೊಂಡು ನೀರಿಗೆ ಒತ್ತಿದಳು. ಬೈದದ್ದೆಲ್ಲ ಮೂಝಾ. "ಸಾಕಾಗಲಿಲ್ವಾ ನಿನಗೆ? ಇಷ್ಟು ದಿನ ಅನ್ನ ಹಾಕಿದ್ದು ಸಾಲ ಅಂದ್ಕೊಂಡಿದ್ಯಾ? ಕೊಡು, ವಾಪಸ್ ಕೊಡು" ಎಂದು ಗಂಟಲು ಹರಿಯುವವರೆಗೆ ಕೂಗಿದಳು. ಮಹಡಿಯಿಂದ ಯಾರೋ ಪರದೆ ಸರಿಸಿ ನೋಡಿ ಮತ್ತೆ ಎಳೆದುಕೊಂಡರು.

ಮನೆಗೆ ಬಂದು ಮೂಝಾ ಎರಡು ತಟ್ಟೆ ಅನ್ನ ಉಂಡು ಮಲಗಿದಳು. ಇಷ್ಟು ದಿನದಲ್ಲಿ ಮೊದಲ ಸಲ. ಅಷ್ಟಾದರೂ ಆಯಿತಲ್ಲ. ಕಾರಿನಲ್ಲಿ ಹೊಗೆಯ ವಾಸನೆ ಹೋಗುತ್ತಿಲ್ಲ.

ಜನವರಿ ೨೯, ಗುರುವಾರ

ನಯ್ಲಾ ಬರೆದಷ್ಟನ್ನು ನೋಡಿ ಹೊಸ ದ್ವೀಪಗಳ ಬಗ್ಗೆ ಒಂದು ಸಾಲೂ ಇಲ್ಲವಲ್ಲ ಎಂದಳು. "ಮಕ್ಕಳಿರೋರಿಗೆ ಅಲ್ಲಿನ ಕೊಳ ಬಹಳ ಒಳ್ಳೇದು ಅಂತ ಬರಿ. ನಾಲ್ಕೂ ಕಡೆ ಕಟ್ಟೆ, ಪಂಪಿನ ಉಪ್ಪುನೀರು, ಅಲೆ ಇಲ್ಲ, ಏರಿಳಿತ ಇಲ್ಲ. ಸಮುದ್ರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಮಗು ಮುಳುಗ್ತೀನಿ ಅಂದ್ರೂ ಮುಳುಗಲ್ಲ." ನನ್ನ ತಮ್ಮನ ನೆನಪಾಗಿ ತಕ್ಷಣ ನಾಲಿಗೆ ಕಚ್ಚಿಕೊಂಡು ಕ್ಷಮೆ ಕೇಳಿದಳು.

ನನಗೆ ಅದು ತಟ್ಟಲಿಲ್ಲ. ಯಾವ ಕೊಳ ಎಂದು ಮತ್ತೊಮ್ಮೆ ಕೇಳಿದೆ. ಅದೇ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದ ಹಾಗಾಯಿತು. ತಮ್ಮನನ್ನು ನುಂಗಿದ್ದು ಒಂದು ನೀರು, ನಾವು ಸುಟ್ಟು ಬಂದದ್ದು ಯಾರೋ ಪಂಪಿನಿಂದ ತುಂಬಿಸಿದ ಇನ್ನೊಂದು. ದಾರಿಯಲ್ಲಿ ನಗು ಬಂತು. ಒಬ್ಬಳೇ ಕಾರಿನಲ್ಲಿ ಬಹಳ ಹೊತ್ತು ನಕ್ಕೆ. ಮನೆಯಲ್ಲಿ ಹೇಳಲಿಲ್ಲ, ಹೇಳಿ ಆಗಬೇಕಾದ್ದೇನು? ಬರೆ ಹಾಕುವುದೇ ಹುಚ್ಚು ಎಂದ ಮೇಲೆ ಎಲ್ಲಿ ಹಾಕಿದರೇನು.

ನಿದ್ದೆ ಬರುತ್ತಿಲ್ಲ. ಕಾರಿಗೆ ನೆರಳು ಸಿಕ್ಕಿತೆಂದು ಅಲ್ಲಿಗೆ ತಿರುಗಿಸಿದೆನಲ್ಲ.

ಫೆಬ್ರವರಿ ೨, ಸೋಮವಾರ

ಅಮ್ಮ ಇಮಾಮರಿಗೆ ಹೇಳಿ ಕಳಿಸಿದ್ದಾಳೆ. ಮುಂದಿನ ವಾರ ಗುರುವಾರ ನಮಾಜು, ಅವತ್ತಿನಿಂದಲೇ ಅಝಾ. ರಂಜಾನ್‌ಗೆ ಮುಂಚೆ ಮುಗಿಯಲಿ ಎಂದಳು. ಮೂಝಾಳ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡಿದ್ದಳು. "ಮಾಡೋದೆಲ್ಲ ಮಾಡಿದ್ವಿ ಅಕ್ಕ. ಬರೆ ಹಾಕಿದ್ರೂ ಕೊಡಲಿಲ್ಲ ಅಂದ್ರೆ ಇನ್ನೇನಿದೆ?" ಎಂದಳು ಮೂಝಾ. ಅವಳ ಮುಖ ತೊಳೆದಿಟ್ಟಂತಿತ್ತು.

ಇಷ್ಟು ಅವಸರ ಏಕೆ ಎಂದು ಕೇಳಿದೆ. ಅಮ್ಮ ನನ್ನನ್ನು ವಿಚಿತ್ರವಾಗಿ ನೋಡಿದಳು. "ಅವತ್ತು ಇಮಾಮರ ಎದುರು ನಾನು ಒಪ್ಪಲಿಲ್ಲ ಅಂತ ಕೋಪ ಮಾಡ್ಕೊಂಡೋಳು ನೀನೇ ಅಲ್ವೇನೇ?"

ಆಗಿನ ಮಾತು ಬೇರೆ. ಆಗ ಯಾರೂ ಏನೂ ಪ್ರಯತ್ನಿಸಿರಲಿಲ್ಲ. ಈಗ ಪ್ರಯತ್ನಿಸಿ, ಅದೂ ತಪ್ಪಾಗಿ ಪ್ರಯತ್ನಿಸಿ, ಆಗಲಿಲ್ಲ ಎಂದು ಕೈಚೆಲ್ಲಿದರೆ ಅದು ಅನ್ಯಾಯ. ಬಾಗಿಲು ತಟ್ಟಿದ್ದು ಪಕ್ಕದ ಮನೆಯದು, ಯಾರೂ ಓಗೊಡಲಿಲ್ಲ ಎಂದು ಸನದ್‌ನನ್ನು ಹೂಳುವುದೇ? ನಾನು ನಂಬುತ್ತೇನೆ ಎಂದಲ್ಲ. ಲೆಕ್ಕ ಲೆಕ್ಕವಾಗಿರಬೇಕು ಅಷ್ಟೇ.

ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಚಪ್ಪಲಿ ಎರಡು ಸಲ ಬಡಿದ ಸದ್ದಾಯಿತು. ಹೋಗಿ ನೋಡಿದೆ. ಮೆಟ್ಟಿಲು ಒದ್ದೆಯಾಗಿತ್ತು. ಹಳೇ ಕಡಲ ನೆಲ, ಭರತದ ಹೊತ್ತಿಗೆ ತೇವ ಏರುತ್ತದೆ. ಒರೆಸಿ ಬಂದೆ.

ಫೆಬ್ರವರಿ ೭, ಶನಿವಾರ

ಹೋಗಿ ಬಂದೆ. ನಸುಕಿನ ಫಜರ್ ನಮಾಜಿನ ಬಳಿಕ, ದೋಣಿಯವರೆಲ್ಲ ಹೊರಟು ಹೋದ ಮೇಲೆ, ಸನದ್‌ನ ಕಟ್ಟೆಗೇ. ಪುಸ್ತಕಕ್ಕೆ ಒಂದು ಫೋಟೋ ಬೇಕು ಎಂದು ಅಮ್ಮನಿಗೆ ಹೇಳಿದ್ದೆ. ಅದೇನು ಪೂರ್ತಿ ಸುಳ್ಳಲ್ಲ.

ದಿಂಡುಗಳು ಇಬ್ಬನಿಗೆ ನೆನೆದು ಬೆಂಕಿ ಹಿಡಿಯಲಿಲ್ಲ. ಕಟ್ಟೆಯ ಬಳಿ ಯಾರೋ ಚಹಾ ಕಾಯಿಸಿ ಬಿಟ್ಟುಹೋಗಿದ್ದ ಕೆಂಡವಿತ್ತು, ಅದಕ್ಕೆ ಊದಿ ಊದಿ ಹೊತ್ತಿಸಿದೆ. ಇದು ಸಮುದ್ರವೇ, ಅನುಮಾನವಿಲ್ಲ. ಮೀನಿನ ವಾಸನೆ, ಪಾಚಿ, ಡೀಸೆಲ್ ಎಲ್ಲ ಸೇರಿ ಸನದ್‌ನ ಅಂಗಿಯ ವಾಸನೆಯೇ. ಕಾಲಿಗೆ ಸುತ್ತಿಕೊಂಡು ಎಳೆಯುತ್ತಿತ್ತು.

ಒತ್ತಿದೆ. ಚುಯ್ ಎಂದಿತು. ಆ ಕೊಳ ಹೀಗೆ ಸದ್ದು ಮಾಡಿರಲೇ ಇಲ್ಲ, ಈಗ ನೆನಪಾಗುತ್ತದೆ. ಏನೂ ಬೈಯಬಾರದು ಎಂದುಕೊಂಡು ಹೋಗಿದ್ದೆ, ಬೈದೆ. ಸಣ್ಣವನು, ನಾನು ಎತ್ತಿ ಬೆಳೆಸಿದವನು, ಯಾರ ಅಪ್ಪಣೆ ಕೇಳಿ ಇಟ್ಟುಕೊಂಡೆ ಎಂದೆ. ಮತ್ತೊಂದು ದಿಂಡು ಹೊತ್ತಿಸಿ ಎರಡನೆಯ ಸಲ ಒತ್ತಿದೆ. ಈ ಸಲ ಚೆನ್ನಾಗಿ ನೋಯಲಿ ಎಂದು, ಕೈಗೆ ಶಾಖ ತಟ್ಟುವವರೆಗೂ ಅದುಮಿ ಹಿಡಿದೆ. ನೀರು ಕೂಗಿಕೊಂಡಿತು. ಆಮೇಲೆ ಗಾಳಿಯೇ ನಿಂತುಹೋಯಿತು.

ಬರುವಾಗ ಅಂಗಡಿಯಲ್ಲಿ ಸಾಫಿ ಮೀನು ತಂದೆ. ಅವನಿಗೆ ಹುರಿದದ್ದು ಇಷ್ಟ.

ಫೆಬ್ರವರಿ ೯, ಸೋಮವಾರ

ಒಳ್ಳೆಯ ದಿನ. ನಯ್ಲಾ ಮಾತ್ರ ಬರಹ ಹಿಂದಿರುಗಿಸಿದಳು. "ಏನಿದು ಬದ್ರಿಯಾ? 'ಬಂದವರು ಮರಳುವ ದಾರಿಯನ್ನು ಮನೆಯವರು ತೆರೆದಿಡಬೇಕು' ಅಂತೆ. ನಾನು ಕೇಳಿದ್ದು ಬಸ್ಸಿನ ದಾರಿ" ಎಂದಳು. ರಜೆ ತಗೋ, ಬೇರೆಯವರಿಂದ ಬರೆಸುತ್ತೇನೆ ಎಂದಳು. ಮೆದುವಾಗಿಯೇ ಹೇಳಿದಳು. ಬೇಡ ಎಂದೆ. ಊಟ, ಹವೆ, ಉಡುಪು ಎಲ್ಲ ಬರೆದಾಗಿದೆ, ಮರಳುವುದೊಂದು ಬಾಕಿ.

ಅಮ್ಮ ಸನದ್‌ಗೆ ತಟ್ಟೆ ಹಾಕುವುದನ್ನು ಬಿಟ್ಟಿದ್ದಾಳೆ. ನಾನು ಹಾಕಿದೆ. ಅಮ್ಮ, ಮೂಝಾ ಇಬ್ಬರೂ ಆ ತಟ್ಟೆಯ ಕಡೆ ನೋಡದೆ ಉಂಡರು. ಬೆಕ್ಕುಗಳಿಗೆ ಸುರಿಯಲಿಲ್ಲ, ಮುಚ್ಚಿಟ್ಟಿದ್ದೇನೆ.

ಮೂಝಾ ಇದ್ದತ್‌ಗೆಂದು ಸಾದಾ ಬಟ್ಟೆಗಳನ್ನು ಆರಿಸಿ ಇಡುತ್ತಿದ್ದಳು. ಅವನ್ನು ಅವಳ ಕೈಯಿಂದ ಕಿತ್ತು ಕಪಾಟಿನೊಳಗೆ ಹಾಕಿ ಬೀಗ ಹಾಕಿದೆ. "ಗುರುವಾರದ ತನಕ ತಾಳು ಹುಡುಗಿ" ಎಂದೆ. ಅವಳು ಹೆದರಿದಂತೆ ಕಂಡಳು. ಯಾಕೋ ಗೊತ್ತಿಲ್ಲ.

ಹಿತ್ತಿಲ ಬಾಗಿಲಲ್ಲಿ ಕುಳಿತೇ ಇದನ್ನು ಬರೆಯುತ್ತಿದ್ದೇನೆ. ಇವತ್ತು ಚಪ್ಪಲಿಯ ಸದ್ದು ಹೆಚ್ಚು ಹತ್ತಿರವಿತ್ತು.

ಫೆಬ್ರವರಿ ೧೨, ಗುರುವಾರ

ಇಳಿಹೊತ್ತಿನ ಅಸರ್ ಬಳಿಕ ಸನದ್‌ನ ನಮಾಜು ಮುಗಿಯಿತು. ದೇಹವಿಲ್ಲ. ಕಪಾಟಿನ ಬೀಗದಕೈಯನ್ನು ಅಮ್ಮ ಬೆಳಿಗ್ಗೆಯೇ ನನ್ನಿಂದ ಇಸಿದುಕೊಂಡಿದ್ದಳು. ಬಂದ ಹೆಂಗಸರಿಗೆ ನಾನು ಕಾಫಿ ಕೊಟ್ಟೆ. "ಉಮ್ಮ್ ಸನದ್, ಅಲ್ಲಾಹ್ ನಿಮಗೆ ಸಹನೆ ಕೊಡಲಿ" ಎಂದು ಒಬ್ಬೊಬ್ಬರಾಗಿ ಅಮ್ಮನ ಭುಜ ಹಿಡಿದು ಅಳುತ್ತಿದ್ದರು. ಸನದ್‌ನ ತಾಯಿ ಎಂದೇ ಇನ್ನೂ ಕರೆಯುತ್ತಾರೆ, ಮುಂದೆಯೂ ಹಾಗೆಯೇ ಕರೆಯುತ್ತಾರೆ. ನಾನು ಬಾಗಿಲು ನೋಡುತ್ತಿದ್ದೆ.

ಫೆಬ್ರವರಿ ೧೪, ಶನಿವಾರ

ಅಝಾ ಮುಗಿದು ಎಲ್ಲರೂ ಹೋದ ಮೇಲೆ ಅಮ್ಮನೂ ನಾನೂ ಕಾಫಿಯ ಪುಟ್ಟ ಬಟ್ಟಲುಗಳನ್ನು ತೊಳೆಯುತ್ತಿದ್ದೆವು. ಮೂಝಾ ಒಳಗಿನ ಕೋಣೆಯಲ್ಲಿದ್ದಳು. ನನಗೆ ಇನ್ನು ತಡೆಯಲಾಗಲಿಲ್ಲ. ಎಲ್ಲವನ್ನೂ ತಿರುಗಿ ಶುರುಮಾಡಬಹುದು, ಅಮ್ಮ ಒಂದು ಮಾತು ಹೇಳಿದರೆ ಸಾಕು ಎನ್ನಿಸಿತು.

"ಯುಮ್ಮಾ, ಅವತ್ತು ನಾವು ಬರೆ ಹಾಕಿದ್ದು ಸಮುದ್ರಕ್ಕಲ್ಲ. ಅದು ಕೊಳ. ಪಂಪಿನ ನೀರು. ತಪ್ಪು ನನ್ನದು."

"ಗೊತ್ತು" ಎಂದಳು ಅಮ್ಮ.

ಬಟ್ಟಲು ಒರೆಸಿ ತಟ್ಟೆಯಲ್ಲಿ ಬೋರಲು ಹಾಕಿದಳು. "ಎಪ್ಪತ್ತು ವರ್ಷ ಇದರ ಪಕ್ಕದಲ್ಲೇ ಬದುಕಿದ್ದೀನಿ, ಬಾಯಿಗೆ ಹಾಕಿದ ಮೇಲೂ ಗೊತ್ತಾಗಲ್ವಾ? ಉಪ್ಪೇನೋ ಇತ್ತು, ಜೀವ ಇರ್ಲಿಲ್ಲ. ಒಳ್ಳೇದೇ ಆಯ್ತು ಅಂದ್ಕೊಂಡೆ."

"ಗೊತ್ತಿದ್ದೂ ಸುಮ್ನಿದ್ಯಾ?"

"ಬರೆ ಬೇಕಿದ್ದದ್ದು ಮೂಝಾಗೆ. ಏನೂ ಮಾಡ್ದೆ ವಿಧವೆ ಆಗೋಕೆ ಆ ಕೂಸಿಗೆ ಆಗ್ತಿರ್ಲಿಲ್ಲ. ನಂಗೆ ದೋಣಿ ಸಿಕ್ಕಿದ ದಿನಾನೇ ಗೊತ್ತಾಗಿತ್ತು ಬದ್ರಿಯಾ. ಅವಳು ಒಪ್ಪೋ ತನಕ ಕಾದೆ, ಅಷ್ಟೇ."

"ನಿಜವಾದ ಸಮುದ್ರಕ್ಕೆ ಹಾಕಿದ್ರೆ—"

"ಬಿಡ್ತು ಅನ್ನು." ಅಮ್ಮನ ದನಿ ಗಟ್ಟಿಯಾಯಿತು. "ಹಿಂದಿನವರು ಹಾಕ್ತಿದ್ದದ್ದು ಗಂಡಸರು ಬದುಕಿದ್ದಾರೆ ಅಂತ. ದೋಣಿ ಬರಿದಾಗಿ ಬಂದ ಮೇಲೆ ಯಾವ ಹೆಂಗಸೂ ಹಾಕ್ತಿರ್ಲಿಲ್ಲ. ನಿನ್ನ ಪ್ರವಾಸಿಗಳಿಗೆ ಅದನ್ನ ಯಾರೂ ಹೇಳಿಲ್ವಾ? ಅವನಿಗೆ ಮಣ್ಣು ಸಿಗಲಿಲ್ಲ ಮಗಳೇ, ನೀರೇ ಅವನ ಗೋರಿ. ನೀನು ಕಟ್ಟೆ ಕಡೆಗೆ ಕಾರು ತಿರುಗಿಸಿದ್ರೆ ನಾನು ಇಳೀತಾನೇ ಇರ್ಲಿಲ್ಲ. ಮಗ ಮಲಗಿರೋ ಕಡೆ ಯಾವ ತಾಯಿ ಬೆಂಕಿ ಇಡ್ತಾಳೆ?"

ಅಮ್ಮ ಉಳಿದ ಬಟ್ಟಲುಗಳನ್ನು ನನ್ನತ್ತ ಸರಿಸಿದಳು. ನಾನು ತೊಳೆದೆ. ಒಂದು ಕೈಜಾರಿ ಒಡೆಯಿತು, ಹೋಗಲಿ ಬಿಡು ಎಂದಳು. ಕಟ್ಟೆಗೆ ಹೋಗಿದ್ದೆ ಎಂದು ನಾನು ಹೇಳಲಿಲ್ಲ, ಯಾವತ್ತೂ ಹೇಳಲಾರೆ. ಒಂದು ಸಲ ಒತ್ತಿದೆ, ಇನ್ನೊಂದು ಸಲ ಅದುಮಿ ಹಿಡಿದೆ, ಕೂಗಿಕೊಂಡರೂ ಬಿಡಲಿಲ್ಲ.